ಗಿಯಾಂತೊ ಶಿಸ್ತು ಕಲಿತದ್ದು

ಸಾಲತಿಗಾ ಪೇಟೆಯ ಟೈಲ್ಸ್ ಅಂಗಡಿಯಲ್ಲಿ ಗಿಯಾಂತೊ ಇಪ್ಪತ್ತೆರಡು ವರ್ಷದಿಂದ ಕೆಲಸಕ್ಕಿದ್ದ. ಇಪ್ಪತ್ತೆರಡು ವರ್ಷವೂ ದಿನಕ್ಕೆ ಹತ್ತು ನಿಮಿಷ ತಡವಾಗಿಯೇ ಹೋದವನು.

ತಡಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಅವನ ಹೆಂಡತಿ ಮುರ್ತಿನಿ ಬೆಳಿಗ್ಗೆ ಮನೆ ಮುಂದಿನ ಚಪ್ಪರದಲ್ಲಿ ಪೆಚೆಲ್ ಮಾರುತ್ತಿದ್ದಳು. ಬೇಯಿಸಿದ ಸೊಪ್ಪು, ಮೊಳಕೆಕಾಳು, ಅದರ ಮೇಲೆ ಖಾರದ ಕಡಲೆಕಾಯಿ ಗೊಜ್ಜು. ತಿನ್ನಲು ಬಂದವರ ಜೊತೆ ಗಿಯಾಂತೊ ಬೆಂಚಿನ ಮೇಲೆ ಕೂತು ಮಾತಿಗೆ ಬೀಳುತ್ತಿದ್ದ. ಪಕ್ಕದ ಮನೆಯ ಸಗಿಮಾನ್ ತನ್ನ ಬೆಳವಕ್ಕಿಯ ಪಂಜರ ಹಿಡಿದು ಬಂದನೆಂದರೆ ಮುಗಿಯಿತು. ಹಕ್ಕಿ ನಿನ್ನೆಗಿಂತ ಚೆನ್ನಾಗಿ ಕೂಗಿತೋ ಇಲ್ಲವೋ ಎಂಬುದು ಇತ್ಯರ್ಥವಾಗುವ ತನಕ ಇಬ್ಬರೂ ಅಲುಗುತ್ತಿರಲಿಲ್ಲ. ಸಂಜೆ ಮನೆಗೆ ಬಂದವನು ತಾಯಿಯ ಬಿದಿರಿನ ಮಂಚದ ಮೇಲೆ ಕೂತು ಅವಳ ಊದಿದ ಕಾಲಿಗೆ ಎಣ್ಣೆ ತಿಕ್ಕುತ್ತಾ ಅಂಗಡಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಯಾರು ಅಡುಗೆಮನೆಗೆ ಗುಲಾಬಿ ಬಣ್ಣ ಕೇಳಿದರು, ಯಾವ ಗಂಡ ಹೆಂಡತಿ ಬಚ್ಚಲಿನ ನೆಲದ ವಿಷಯಕ್ಕೆ ಅಂಗಡಿಯಲ್ಲೇ ಮಾತು ಬಿಟ್ಟರು, ಇಂಥವು. ಎಪ್ಪತ್ತೆಂಟು ವರ್ಷದ, ಸೊಂಟ ಕೆಟ್ಟ ಆ ಅಜ್ಜಿ ಮನೆಯಿಂದ ಹೊರಗೆ ಹೋಗಿ ಎರಡು ವರ್ಷವಾಗಿತ್ತು. ಆದರೂ ಪೇಟೆಯ ಅರ್ಧ ಮನೆಗಳ ನೆಲ ಯಾವ ಬಣ್ಣದ್ದೆಂದು ಅವಳಿಗೆ ಗೊತ್ತಿತ್ತು.

ಹೀಗಿರುವಾಗ ಅಂಗಡಿಯವರು ಅಂಬರಾವಾದಲ್ಲಿ ಹೊಸ ಶಾಖೆ ತೆರೆಯುತ್ತಾರೆ, ಎರಡು ತಿಂಗಳಲ್ಲಿ ಅದಕ್ಕೊಬ್ಬ ಮ್ಯಾನೇಜರನ್ನು ಒಳಗಿನವರಿಂದಲೇ ಆರಿಸುತ್ತಾರೆ ಎಂಬ ಸುದ್ದಿ ಬಂತು.

"ಎರಡು ಸಲ ನಿಮ್ಮ ಕೈಕೆಳಗಿನವರು ನಿಮ್ಮನ್ನ ದಾಟಿ ಮೇಲೆ ಹೋದ್ರು," ಎಂದಳು ಮುರ್ತಿನಿ ಅನ್ನ ಬಡಿಸುತ್ತಾ. "ಮೂರನೇ ಸಲಾನೂ ಬೆಂಚಿನ ಮೇಲೆ ಕೂತು ನೋಡ್ತೀರಾ?"

"ನಾನೇನು ಮಾಡ್ಲಿ? ಅವರು ಮುಖ ನೋಡಿ ಕೊಡ್ತಾರೆ."

"ಆ ಮುಖ ಎಂಟು ಗಂಟೆಗೆ ಅಲ್ಲಿದ್ರೆ ತಾನೇ ನೋಡೋಕೆ!"

ಮಗಳು ನಿಂಗ್ರುಮ್ ನಕ್ಕುಬಿಟ್ಟಳು. ಇಪ್ಪತ್ನಾಲ್ಕರ ಹುಡುಗಿ, ಸಹಕಾರಿ ಸಂಘದ ಆಫೀಸಿನಲ್ಲಿ ಕೆಲಸ. ಹೋದ ವಾರವಷ್ಟೇ ಆಫೀಸಿನವರೆಲ್ಲರಿಗೂ ಎರಡು ದಿನದ ತರಬೇತಿ ಆಗಿತ್ತು. ಅಲ್ಲಿ ಕೊಟ್ಟಿದ್ದ ಎರಡು ಪುಸ್ತಕಗಳಲ್ಲಿ ಬರೆಯದೇ ಉಳಿದಿದ್ದ ಒಂದನ್ನು ತಂದು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟಳು.

"ಮೊದಲು ನಿಮಗೆ ಜೀವನದಲ್ಲಿ ಮುಖ್ಯವಾದ ಐದು ಮೌಲ್ಯ ಬರೀರಿ, ಅಪ್ಪ. ಆಮೇಲೆ ಅದಕ್ಕೆ ತಕ್ಕ ಹಾಗೆ ದಿನದ ನಿಯಮ. ನಿಯಮ ಪಾಲಿಸಿದ ದಿನ ಒಂದು ಗುರುತು ಹಾಕ್ಬೇಕು. ಅರವತ್ತು ದಿನ ತಪ್ಪಬಾರದು."

ಗಿಯಾಂತೊ ತಮಾಷೆಗೆಂದು ಕೈತೊಳೆದು ಪೆನ್ಸಿಲ್ ಹಿಡಿದ. ಮಂಚದ ಮೇಲಿಂದ ಅಜ್ಜಿ ಕೇಳಿದಳು, "ಏನು ಬರೀತಿದಾನೆ?"

"ಜೀವನದಲ್ಲಿ ಯಾವುದು ಮುಖ್ಯ ಅಂತ, ಅಜ್ಜಿ."

"ಐವತ್ತೊಂದು ತುಂಬ್ತು. ಇನ್ನೂ ಗೊತ್ತಾಗಿಲ್ವಾ?"

ಕುಟುಂಬ, ಪ್ರಾಮಾಣಿಕತೆ, ಆರೋಗ್ಯ, ದೇವರು, ಗೌರವ ಎಂದು ಬರೆದ. ಮುರ್ತಿನಿ ಬಗ್ಗಿ ನೋಡಿ, "ದೇವರು ನಾಲ್ಕನೇದಾ?" ಎಂದಳು. ಅವನು ಅಳಿಸಿ ದೇವರನ್ನು ಮೊದಲಿಗೆ ತಂದ.

"ಈಗ ನಾವು ಎರಡನೇದಾದ್ವಿ," ಎಂದಳು ಮುರ್ತಿನಿ.

"ದೇವರಿಗಿಂತ ಮುಂದೆ ಕೂರ್ಬೇಕಾ ನಿಂಗೆ?"

ಎಲ್ಲರೂ ನಕ್ಕರು. ಮೂರು ದಿನದ ಆಟ ಎಂದು ಎಲ್ಲರೂ ಅಂದುಕೊಂಡರು. ಅವನೂ ಹಾಗೆಯೇ ಅಂದುಕೊಂಡಿದ್ದನೇನೋ.

ಆದರೆ ನಾಲ್ಕನೇ ದಿನವೂ ಅವನು ನಾಲ್ಕೂವರೆಗೆ ಎದ್ದ. ಬೆಳಗಿನ ನಮಾಜು ಮುಗಿಸಿ ಮತ್ತೆ ಮಲಗಲಿಲ್ಲ. ಏಳು ಮುಕ್ಕಾಲಿಗೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟ. ನಾಲ್ಕು ವರ್ಷದಿಂದ ಸೋರುತ್ತಿದ್ದ ಅಡುಗೆಮನೆಯ ಮಾಡಿನ ಮಳೆನೀರಿನ ದೋಣಿಯನ್ನು ಭಾನುವಾರ ಏಣಿ ಹಾಕಿ ತಾನೇ ಸರಿಮಾಡಿದ. ಮುರ್ತಿನಿ ಏಣಿ ಹಿಡಿದು ನಿಂತವಳು ಹೋಗುವ ಬರುವವರನ್ನೆಲ್ಲ ಕರೆದು ತೋರಿಸಿದಳು. "ನೋಡಿ, ನನ್ನ ಗಂಡ ಮೇಲಿದಾರೆ!" ಸೊಪ್ಪು ಕೊಳ್ಳಲು ಸಂತೆಗೆ ಹೋದಾಗಲೂ ಅದೇ ಮಾತು. ಆ ವಾರ ಅವಳು ಹೊಸ ಹೂವಿನ ರವಿಕೆ ತೊಟ್ಟು ಚಪ್ಪರದಲ್ಲಿ ಕೂತಳು.

ಎರಡನೇ ವಾರ ಗಿಯಾಂತೊ ಸಗಿಮಾನನಿಗೆ, "ಇನ್ಮೇಲೆ ಬೆಳಿಗ್ಗೆ ಕೂರೋಕಾಗಲ್ಲ ಕಣಯ್ಯಾ. ಭಾನುವಾರ ಬಾ," ಎಂದ. ಸಗಿಮಾನ್ ಪಂಜರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, "ಭಾನುವಾರ ಇದು ಕೂಗಲ್ವೇನೋ," ಎಂದು ಹೇಳಿ ಹೋದ.

ಅದೇ ವಾರ ಅವನು ಅಡುಗೆಮನೆಯಿಂದ ಗಂಟೆ ಬಾರಿಸುವ ಪುಟ್ಟ ಗಡಿಯಾರ ತಂದು ತಾಯಿಯ ಮಂಚದ ಮೇಲಿಟ್ಟ.

"ಇದೇನೋ?"

"ಹದಿನೈದು ನಿಮಿಷ ಅಮ್ಮ. ಆಮೇಲೆ ನನಗೆ ಓದೋದಿದೆ. ಮ್ಯಾನೇಜರ್ ಕೆಲಸಕ್ಕೆ ಲೆಕ್ಕ, ಸ್ಟಾಕು ಎಲ್ಲ ಗೊತ್ತಿರ್ಬೇಕು."

ಮೊದಲ ದಿನ ಗಂಟೆ ಬಾರಿಸಿದಾಗ ಅಜ್ಜಿ ತನ್ನ ತಂಗಿಯ ಮದುವೆಯಲ್ಲಿ ಅಡುಗೆಯವನು ಓಡಿಹೋದ ಕಥೆಯ ನಡುವೆ ಇದ್ದಳು. ಗಿಯಾಂತೊ ಎಣ್ಣೆಯ ಕೈ ಒರೆಸಿಕೊಂಡು ಎದ್ದ.

"ಲೇ, ಅಡುಗೆಯವನು ಇನ್ನೂ ಬೇಲಿ ಹತ್ರಾನೇ ಇದಾನೆ!"

"ನಾಳೆ ಹೇಳಮ್ಮ."

ಮರುದಿನ ಅಜ್ಜಿ ಬೇಗ ಬೇಗ ಹೇಳಿದಳು. ಅಡುಗೆಯವನು ಓಡಿದ, ಸಿಕ್ಕಿಬಿದ್ದ, ಮದುವೆ ಆಯಿತು. "ಮುಗೀತು," ಎಂದಳು. ಗಡಿಯಾರದಲ್ಲಿ ಇನ್ನೂ ಹತ್ತು ನಿಮಿಷ ಉಳಿದಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತರು. ಆಮೇಲಾಮೇಲೆ ಅವಳು ಮಧ್ಯಾಹ್ನವೇ ತುಟಿ ಅಲುಗಿಸುವುದು ರಜೆಯ ದಿನ ನಿಂಗ್ರುಮ್‌ಳ ಕಣ್ಣಿಗೆ ಬಿತ್ತು. ಪ್ರಾರ್ಥನೆ ಇರಬೇಕು ಎಂದುಕೊಂಡಳು. ಹತ್ತಿರ ಹೋದಾಗ, ಸಂಜೆಗೆ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದಾಳೆಂದು ತಿಳಿಯಿತು.

ತಿಂಗಳಾಗುವ ಹೊತ್ತಿಗೆ ಶಿಸ್ತು ಚಪ್ಪರಕ್ಕೂ ಬಂತು.

"ಒಂದು ತಟ್ಟೆಗೆ ಆರು ನಿಮಿಷ ತಗೋತೀಯ," ಎಂದ ಗಿಯಾಂತೊ. "ಮೂರು ನಿಮಿಷದಲ್ಲಿ ಕೊಟ್ರೆ ಎರಡರಷ್ಟು ಜನ ತಿಂದು ಹೋಗ್ತಾರೆ."

"ಜನ ತಿಂದು ಹೋಗೋಕೆ ಬರಲ್ಲ ರೀ. ಮಾತಾಡೋಕೆ ಬರ್ತಾರೆ. ತಿಂತಾರೆ ಕೂಡ."

"ಮಾತಿಗೆ ನೀನು ಬೆಲೆ ಹಾಕಿದೀಯಾ? ಇಲ್ಲ ತಾನೇ? ಅಂದ್ರೆ ಅದು ನಷ್ಟ."

"ಹಾಗಾದ್ರೆ ನಿಮ್ಮ ಜೊತೆ ಇಪ್ಪತ್ತಾರು ವರ್ಷ ಮಾತಾಡಿ ನಂಗೆ ಎಷ್ಟು ನಷ್ಟ ಆಯ್ತು, ಅದನ್ನೂ ಬರ್ಕೊಳ್ಳಿ!"

ಸೌಟು ಗೊಜ್ಜಿನ ಬೋಗುಣಿಗೆ ಬಿದ್ದ ಸದ್ದಿಗೆ ತಿನ್ನುತ್ತಿದ್ದವರು ತಲೆ ಎತ್ತಿದರು. ಗಿಯಾಂತೊ ಗಡಿಯಾರ ನೋಡಿಕೊಂಡು ಹೊರಟ. ಅವನಿಗೆ ತಡವಾಗಬಾರದಿತ್ತು.

ಅಂದು ಸಗಿಮಾನ್ ಒಬ್ಬನೇ ಬೆಂಚಿನ ಮೇಲೆ ಕೂತಿದ್ದಾಗ ಮುರ್ತಿನಿ ಅವನ ಹತ್ತಿರ ಹೇಳಿಕೊಂಡಳು. "ಏನಂತ ದೂರು ಹೇಳ್ಲಿ ಹೇಳಿ. ಗಂಡ ಕುಡೀತಾನೆ ಅಂದ್ರೆ ಜನ ಅಯ್ಯೋ ಅಂತಾರೆ. ಜೂಜಾಡ್ತಾನೆ ಅಂದ್ರೆ ಬುದ್ಧಿ ಹೇಳೋಕೆ ಬರ್ತಾರೆ. ನನ್ನ ಗಂಡ ಬೇಗ ಏಳ್ತಾನೆ ಅಂತ ಹೇಳ್ಲಾ? ನಾನೇ ತಾನೇ ಬಯ್ದು ಬಯ್ದು ಇದನ್ನ ಬೇಡಿಕೊಂಡಿದ್ದು?"

ಸಗಿಮಾನ್ ತಟ್ಟೆ ಮುಂದೆ ಹಿಡಿದ. "ಗೊಜ್ಜು ಸ್ವಲ್ಪ ಹಾಕಿ," ಎಂದ.

ನಿಂಗ್ರುಮ್ ಅಪ್ಪನನ್ನು ಕೇಳಿಯೇಬಿಡಬೇಕೆಂದು ನಿರ್ಧರಿಸಿದ್ದು ಅಜ್ಜಿ ಎಣ್ಣೆಯ ಶೀಶೆಯನ್ನು ತಾನೇ ಬಗ್ಗಿ ತೆಗೆದುಕೊಳ್ಳಲು ಹೋಗಿ ಚೆಲ್ಲಿದ ದಿನ. ಅಪ್ಪ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದ.

"ಅಪ್ಪ, ಸಾಕು ಇದು."

"ಯಾವುದು?"

"ಇದೆಲ್ಲ. ಅಜ್ಜಿಗೆ ಗಂಟೆ ಹೊಡೀತೀರಲ್ಲ, ಅದು. ಕುಟುಂಬ ಅಂತ ನೀವೇ ಬರ್ದಿದ್ದೀರಿ."

"ಕುಟುಂಬಕ್ಕೇ ಮಾಡ್ತಿರೋದು. ಸಂಬಳ ಹೆಚ್ಚಾದ್ರೆ ಅಜ್ಜಿ ಸೊಂಟಕ್ಕೆ ದೊಡ್ಡ ಡಾಕ್ಟರಿಗೆ ತೋರಿಸ್ಬಹುದು. ಪುಸ್ತಕ ಕೊಟ್ಟೋಳು ನೀನೇ ಅಲ್ವಾ? ನಂದು ಮೂವತ್ತನಾಲ್ಕು ದಿನ ಆಯ್ತು. ನಿಂದು ಎಷ್ಟಾಯ್ತು?"

ನಿಂಗ್ರುಮ್‌ಳದು ಒಂಬತ್ತನೇ ದಿನಕ್ಕೆ ನಿಂತುಹೋಗಿತ್ತು. ಅದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿತ್ತು. ಅವಳ ಐದು ಮೌಲ್ಯಗಳನ್ನು ತರಬೇತಿಯವರು ಬೋರ್ಡಿನ ಮೇಲೆ ಮಾದರಿಗೆಂದು ಬರೆದದ್ದನ್ನು ನೋಡಿ ಹಾಗೆಯೇ ಇಳಿಸಿಕೊಂಡಿದ್ದಳು. ಆಗ ತನಗೆ ನಿಜವಾಗಿ ಏನು ಮುಖ್ಯವೆಂದು ಯೋಚಿಸಿದ್ದಳು, ಏನೂ ಹೊಳೆದಿರಲಿಲ್ಲ. ಅದನ್ನು ಅಪ್ಪನಿಗೆ ಹೇಳಬೇಕೆಂದುಕೊಂಡಳು. ಅವನು ಆಗಲೇ ಸ್ಟಾಕಿನ ಪುಸ್ತಕ ತೆರೆದಿದ್ದ.

ಐವತ್ತೆಂಟನೇ ದಿನ ಅಂಗಡಿಯ ಸಣ್ಣ ಧಣಿ ಹೆಂದ್ರಾ ಗಿಯಾಂತೊನನ್ನು ಒಳಗೆ ಕರೆದು ಅಂಬರಾವಾದ ಶಾಖೆ ನಿಮಗೇ ಎಂದು ಹೇಳಿದ. ಸೋಮವಾರದೊಳಗೆ ಒಪ್ಪಿಗೆ ತಿಳಿಸಬೇಕು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಸಂಜೆ ಏಳೂವರೆಗೆ ಮನೆ.

ಆ ರಾತ್ರಿಯ ಊಟಕ್ಕೆ ಮುರ್ತಿನಿ ಕೋಳಿ ಹುರಿದಿದ್ದಳು. ಖುಷಿಗೇ ಹುರಿದದ್ದು. ಆದರೆ ಬಡಿಸುವಾಗ, "ಆರೂವರೆಯಿಂದ ಏಳೂವರೆ," ಎಂದು ಎರಡು ಸಲ ತನಗೆ ತಾನೇ ಹೇಳಿಕೊಂಡಳು.

"ನೀನೇ ತಾನೇ ಬೇಕು ಅಂದಿದ್ದು?" ಎಂದ ಗಿಯಾಂತೊ.

"ಬೇಕು ಅಂದೆ. ಬೇಡ ಅಂದ್ನಾ ಈಗ?"

"ಮತ್ತೆ ಮುಖ ಯಾಕೆ ಹಾಗಿದೆ?"

"ಗೊತ್ತಿಲ್ಲ ರೀ. ನನ್ನ ಮುಖ ನನಗೆ ಕಾಣುತ್ತಾ?"

ನಿಂಗ್ರುಮ್ ಮೆಲ್ಲಗೆ, "ನಿಮಗೆ ಇಷ್ಟ ಇದೆಯಾ, ಅಪ್ಪ?" ಎಂದಳು.

ಅವನು ಕೋಳಿಯ ತುಂಡನ್ನು ತಟ್ಟೆಯಲ್ಲೇ ತಿರುಗಿಸಿದ. "ಇಪ್ಪತ್ತೆರಡು ವರ್ಷ ದಿನಾ ತಲೆ ತಗ್ಗಿಸಿ ಅಂಗಡಿಯೊಳಗೆ ಹೋಗಿದೀನಿ. ಈ ಎರಡು ತಿಂಗಳು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿರ್ತೀನಿ. ಅದು ಎಷ್ಟು ಹಗುರ ಗೊತ್ತಾ? ಹಾಗೇ ಬೆಂಚಿನ ಹತ್ರ ಹಾದು ಹೋಗುವಾಗ ಒಂದು ನಿಮಿಷ ಕೂತು ಹೋಗೋಣ ಅನ್ಸುತ್ತೆ. ಎರಡೂ ನಿಜ. ಯಾವುದನ್ನ ಬರ್ಕೊಳ್ಳಲಿ?"

ಅವನು ತಾಯಿಯ ಕಡೆ ತಿರುಗಿದ. "ನೀನು ಹೇಳಮ್ಮ. ಹೋಗ್ಲಾ?"

"ಹೋಗು ಅಂದ್ರೂ ಹೋಗ್ತೀಯ, ಬೇಡ ಅಂದ್ರೂ ಹೋಗ್ತೀಯ," ಎಂದಳು ಅಜ್ಜಿ. "ನಿಮ್ಮಪ್ಪನೂ ಹೀಗೇ, ಹೊರಟು ನಿಂತ ಮೇಲೆ ಕೇಳ್ತಿದ್ದ. ಹೋಗು. ಹೆಲ್ಮೆಟ್ ಸರಿಯಾಗಿ ಹಾಕ್ಕೋ."

ಅವನು ಹೋದ.

ಮನೆ ನಿಶ್ಶಬ್ದವಾಯಿತು. ಸಂಬಳ ಹೆಚ್ಚಾಯಿತು, ಅಜ್ಜಿಯನ್ನು ದೊಡ್ಡ ಡಾಕ್ಟರಿಗೆ ತೋರಿಸಿದ್ದೂ ಆಯಿತು. ಈ ವಯಸ್ಸಿನಲ್ಲಿ ಸೊಂಟಕ್ಕೆ ಆಪರೇಷನ್ ಬೇಡ, ಎಣ್ಣೆ ತಿಕ್ಕಿ ಎಂದು ಡಾಕ್ಟರು ಹೇಳಿದರು. ಗಿಯಾಂತೊ ಮನೆಗೆ ಬರುವ ಹೊತ್ತಿಗೆ ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ನಿದ್ದೆಯಲ್ಲ. ಊಟ ಅರ್ಧಕ್ಕೇ ಬಿಡತೊಡಗಿದ್ದಳು.

ಇನ್ನೊಂದು ತೊಡಕು ಯಾರೂ ಊಹಿಸಿರಲಿಲ್ಲ. ಆ ಮನೆಯಲ್ಲಿ ಅತ್ತೆ ಸೊಸೆ ನೇರವಾಗಿ ಮಾತಾಡಿಕೊಳ್ಳುವ ರೂಢಿಯೇ ಇರಲಿಲ್ಲ. ಜಗಳವೇನೂ ಆಗಿರಲಿಲ್ಲ. ಅತ್ತೆಗೆ ಬೇಕಾದ್ದನ್ನು ಗಿಯಾಂತೊ ಸೊಸೆಗೆ ತಲುಪಿಸುತ್ತಿದ್ದ, ಸೊಸೆಯ ಮಾತನ್ನು ಅತ್ತೆಗೆ. ಈಗ ನಡುವೆ ನಿಲ್ಲುವವನು ಅಂಬರಾವಾದಲ್ಲಿದ್ದ. ಅಜ್ಜಿ ನೀರು ಬೇಕೆಂದರೆ ಗಾಳಿಗೆ ಹೇಳಿದಂತೆ "ಬಾಯಾರಿಕೆ" ಎನ್ನುತ್ತಿದ್ದಳು. ಮುರ್ತಿನಿ ಲೋಟ ತಂದಿಟ್ಟು, ಅವಳೂ ಗಾಳಿಗೆ ಹೇಳಿದಂತೆ, "ಇಲ್ಲಿಟ್ಟಿದೆ" ಎಂದು ಹೋಗುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ನಿಂಗ್ರುಮ್ ತನ್ನ ಪುಸ್ತಕ ಹಿಡಿದು ಅಜ್ಜಿಯ ಪಕ್ಕ ಕೂತಳು. ಹಳೆಯ ಐದನ್ನೂ ಅಳಿಸಿ ಆಗಿತ್ತು, ಹಾಳೆ ಖಾಲಿಯಾಗಿತ್ತು.

"ಅಜ್ಜಿ, ನಿನಗೆ ಜೀವನದಲ್ಲಿ ಯಾವುದು ಮುಖ್ಯ?"

"ಬಚ್ಚಲು ಹತ್ತಿರ ಇರೋದು."

"ತಮಾಷೆ ಬೇಡ."

"ನನ್ನ ಸೊಂಟ ನಿಂಗಿದ್ರೆ ತಮಾಷೆ ಅನ್ನಲ್ಲ ನೀನು." ಅಜ್ಜಿ ಮೊಮ್ಮಗಳ ಕಡೆ ಹೊರಳಿ, "ಆಮೇಲೇನಾಯ್ತು ಅಂತ ಕೇಳೋರು ಒಬ್ರು ಇರ್ಬೇಕು ಪುಟ್ಟಿ. ಅಷ್ಟೇ. ನನ್ನ ಹತ್ರ ಎಷ್ಟೊಂದು ಇದೆ. ಒಳಗೇ ಉಳಿದು ಹೋಗುತ್ತೆ," ಎಂದಳು.

ನಿಂಗ್ರುಮ್ ಬರೆಯಲು ಹೋದವಳು ಬರೆಯಲಿಲ್ಲ. ಅದು ಅಜ್ಜಿಯದು, ತನ್ನದಲ್ಲ. ತನ್ನದು ಯಾವುದೆಂದು ಇನ್ನೂ ತಿಳಿಯಲಿಲ್ಲ. ಆದರೆ ಬಾಗಿಲಾಚೆ ಕಡಲೆಬೀಜದ ಸಿಪ್ಪೆ ಕೇರುತ್ತಿದ್ದ ಅಮ್ಮನ ಮೊರ ನಿಂತುಹೋದದ್ದು ಅವಳಿಗೆ ಕೇಳಿಸಿತು.

ಆ ಸಂಜೆ ಮುರ್ತಿನಿ ಎಣ್ಣೆಯ ಶೀಶೆ ಹಿಡಿದು ಬಂದು ಮಂಚದ ತುದಿಯಲ್ಲಿ ಕೂತಳು. ಅತ್ತೆಯ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

"ನಿನ್ನ ಕೈ ಒರಟು," ಎಂದಳು ಅಜ್ಜಿ.

"ಕಡಲೆಬೀಜ ಅರೆಯೋ ಕೈ ಅತ್ತೆ."

ಒಂದು ಕಾಲು ಮುಗಿದು ಇನ್ನೊಂದರ ಸರದಿ ಬಂತು. ಕೊನೆಗೆ ಮುರ್ತಿನಿ, ಪರೀಕ್ಷೆಗೆ ಕೂತವಳ ಹಾಗೆ, "ಆ ಅಡುಗೆಯವನು... ನಿಮ್ಮ ತಂಗಿ ಮದುವೇಲಿ. ಓಡಿಹೋದೋನು. ಆಮೇಲೇನಾಯ್ತು?" ಎಂದಳು.

ಅಜ್ಜಿ ಗೋಡೆಯ ಕಡೆಯಿಂದ ತಿರುಗಿದಳು. "ನಿಂಗೆ ಅದು ಎಲ್ಲಿ ತನಕ ಗೊತ್ತು?"

"ಬೇಲಿ ತನಕ."

ಅಂದಿನಿಂದ ಅದು ದಿನಾ ನಡೆಯಿತು. ಮೊದಮೊದಲು ಅಜ್ಜಿಯೇ ಹೇಳುತ್ತಿದ್ದಳು. ಆಮೇಲೆ ಮುರ್ತಿನಿಯೂ ಶುರುಮಾಡಿದಳು. ಅವಳ ಹತ್ತಿರವೂ ಚಪ್ಪರದ ಸುದ್ದಿ ಕಡಿಮೆಯಿರಲಿಲ್ಲ. ಯಾರು ಎರಡು ತಟ್ಟೆ ತಿಂದು ಒಂದಕ್ಕೆ ಕಾಸು ಕೊಟ್ಟರು, ಸಗಿಮಾನನ ಹಕ್ಕಿ ಯಾಕೆ ಮುನಿಸಿಕೊಂಡಿದೆ. ನಿಂಗ್ರುಮ್ ಆಫೀಸಿನಿಂದ ಬಂದು ಮಂಚದ ಕೆಳಗೆ ಚಾಪೆ ಹಾಸಿಕೊಂಡು ಕೂರತೊಡಗಿದಳು. ಅಜ್ಜಿಯ ತಟ್ಟೆ ಖಾಲಿಯಾಗತೊಡಗಿತು.

ಹೀಗೆ ಐದಾರು ವಾರ ಕಳೆದ ಮೇಲೆ ಒಂದು ಶುಕ್ರವಾರ ಗಿಯಾಂತೊ ಏಳೂವರೆಗೆ ಸರಿಯಾಗಿ ಮನೆಗೆ ಬಂದ. ಬೈಕ್ ನಿಲ್ಲಿಸುವಾಗಲೇ ಒಳಗಿನಿಂದ ನಗು ಕೇಳಿಸಿತು. ಒಬ್ಬರದಲ್ಲ, ಮೂವರದೂ. ಅವನ ತಾಯಿ ಕೆಮ್ಮು ಬರುವಷ್ಟು ನಗುತ್ತಿದ್ದಳು. ಶೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

"ಏನಾಯ್ತು?"

ಮೂವರೂ ಅವನನ್ನು ನೋಡಿದರು. ನೋಡಿ ಇನ್ನೂ ಜೋರಾಗಿ ನಕ್ಕರು.

"ಬಂದ ಕಳ್ಳ!" ಎಂದಳು ಅಜ್ಜಿ.

"ಇಲ್ಲಿ ಬನ್ನಿ," ಎಂದಳು ಮುರ್ತಿನಿ ಕಣ್ಣೊರೆಸಿಕೊಳ್ಳುತ್ತಾ. "ನಾನು ಈ ಮನೆಗೆ ಬಂದ ಹೊಸತು. ನಿಮ್ಮಮ್ಮನಿಗೆ ಏನಡುಗೆ ಇಷ್ಟ ಅಂತ ನಿಮ್ಮನ್ನ ಕೇಳ್ದೆ. ಏನು ಹೇಳಿದ್ರಿ?"

"ನೆನಪಿಲ್ಲ."

"ಗುಡೆಗ್ ಅಂದ್ರಿ. ಎಳೆ ಹಲಸಿನಕಾಯಿ, ಬೆಲ್ಲ ಮುಂದಾಗಿ ಹಾಕ್ಬೇಕು ಅಂದ್ರಿ."

"ನನಗೆ ನೀನೇನಂದೆ ಗೊತ್ತಾ?" ಅಜ್ಜಿ ಮಂಚದ ಮೇಲೆ ಎದ್ದು ಕೂತಿದ್ದಳು. "ಹುಡುಗಿಗೆ ತವರಿನ ನೆನಪು ಅಮ್ಮ, ಅದಕ್ಕೆ ಗುಡೆಗ್ ಮಾಡ್ತಾಳೆ. ಚೆನ್ನಾಗಿಲ್ಲ ಅನ್ಬೇಡ, ಅಳ್ತಾಳೆ ಅಂದೆ. ನಾನು ಚೆನ್ನಾಗಿದೆ ಅಂತ ಹೇಳಿ ಕಳಿಸ್ದೆ."

"ನೀವು ಬಂದು, ಅಮ್ಮನಿಗೆ ಪ್ರಾಣ, ವಾರವಾರ ಮಾಡು ಅಂದ್ರಿ!"

"ಇಪ್ಪತ್ತಾರು ವರ್ಷ!" ಎಂದಳು ಅಜ್ಜಿ. "ಶುಕ್ರವಾರ ಬಂತು ಅಂದ್ರೆ ಗಂಟಲಲ್ಲಿ ಇಳೀತಿರ್ಲಿಲ್ಲ."

"ನನಗೂ ಇಳೀತಿರ್ಲಿಲ್ಲ ಅತ್ತೆ!"

"ಮತ್ತೆ ಯಾರಿಗೆ ಇಷ್ಟ?" ಎಂದಳು ನಿಂಗ್ರುಮ್. ಕೇಳಿದವಳಿಗೇ ನಗು ತಡೆಯಲಾಗದೆ ಚಾಪೆಯ ಮೇಲೆ ಉರುಳಿದಳು. "ಅಪ್ಪನಿಗೆ!"

ಗಿಯಾಂತೊ ಶೂ ಕೆಳಗಿಟ್ಟ. ನಿಮ್ಮಿಬ್ಬರ ನಡುವೆ ಜಗಳ ಬಾರದಿರಲಿ ಅಂತ ಹಾಗೆ ಮಾಡಿದೆ ಎಂದು ಹೇಳಬಹುದಿತ್ತು. ಅದು ಸುಳ್ಳಲ್ಲ. ಬೆಲ್ಲ ಹಾಕಿದ ಹಲಸಿನಕಾಯಿ ಎಂದರೆ ತನಗೆ ಆಸೆ ಎಂಬುದೂ ಸುಳ್ಳಲ್ಲ. ಇಷ್ಟು ವರ್ಷ ತಾನು ಈ ಮನೆಯನ್ನು ಹಿಡಿದು ನಿಲ್ಲಿಸಿದ್ದೆನೋ, ಇಬ್ಬರನ್ನು ದೂರ ಇಟ್ಟಿದ್ದೆನೋ, ನಿಂತಲ್ಲೇ ಯೋಚಿಸಿದ. ಗೊತ್ತಾಗಲಿಲ್ಲ. ಅವರು ನಗುವುದನ್ನು ನೋಡಿ ತನಗೂ ನಗು ಬಂತು.

"ಊಟ ಮುಚ್ಚಿಟ್ಟಿದೀನಿ. ಹಾಕ್ಕೊಳ್ಳಿ," ಎಂದಳು ಮುರ್ತಿನಿ. ಅವಳ ಮಡಿಲಲ್ಲಿ ಅತ್ತೆಯ ಕಾಲಿತ್ತು, ಏಳುವಂತಿರಲಿಲ್ಲ.

ಅವನು ಮುಚ್ಚಳ ತೆಗೆದ. ಶುಕ್ರವಾರವಾದರೂ ಗುಡೆಗ್ ಇರಲಿಲ್ಲ; ಅನ್ನ, ಹುರಿದ ಸೋಯಾಕಾಳಿನ ಟೆಂಪೆ, ಹುಣಸೆಹಣ್ಣಿನ ತರಕಾರಿ ಸಾರು. ತಟ್ಟೆ ಹಿಡಿದು ಬಂದು ನಿಂಗ್ರುಮ್ ಸರಿದು ಕೊಟ್ಟ ಜಾಗದಲ್ಲಿ, ಚಾಪೆಯ ತುದಿಯಲ್ಲಿ ಕೂತ. ಅಜ್ಜಿ ಆಗಲೇ ಬೇರೊಂದು ಕಥೆ ತೆಗೆದಿದ್ದಳು. ಅವನಿಗೆ ಗೊತ್ತಿಲ್ಲದ ಕಥೆ, ಅವನಿಗೆ ಗೊತ್ತಿಲ್ಲದ ಯಾರೋ ಅದರಲ್ಲಿದ್ದರು. ಮೊದಲ ತುತ್ತಿಗೇ ಕಣ್ಣು ಮುಚ್ಚುವಷ್ಟು ಹುಳಿ. ಹುಳಿ ಜಾಸ್ತಿಯಾಗಿದೆ ಎಂದು ತಾಯಿಗೆ ಹೇಳಬೇಕೋ ಹೆಂಡತಿಗೆ ಹೇಳಬೇಕೋ ತಿಳಿಯದೆ, ಇನ್ನೊಂದು ಸೌಟು ಹಾಕಿಕೊಂಡು ಬಂದು ಕೂತ.